ಮಕ್ಕಳ ಜೊತೆ ಬೆಟ್ಟ ಹತ್ತುವುದು ಹೇಗೆ: ಎಳೆಗೂಸಿನಿಂದ ಹನ್ನೆರಡು ವರ್ಷದವರೆಗೆ, ಹಂತ ಹಂತವಾಗಿ

ಬೆಟ್ಟದ ದಾರಿಯಲ್ಲಿ ಈ ದೃಶ್ಯವನ್ನು ಎಷ್ಟು ಸಲ ನೋಡಿದ್ದೇನೋ ಲೆಕ್ಕವಿಲ್ಲ. ನಡು ಮಧ್ಯಾಹ್ನ. ಅಪ್ಪನ ಹೆಗಲ ಮೇಲೆ ಒಂದು ಮಗು, ಅಮ್ಮನ ಸೊಂಟದಲ್ಲಿ ಇನ್ನೊಂದು, ನೀರಿನ ಬಾಟಲಿ ಖಾಲಿ, ದೊಡ್ಡವನು ಮುಂದೆ ಎಲ್ಲೋ ಓಡಿಹೋಗಿದ್ದಾನೆ. ತುದಿಗೆ ಇನ್ನು ಅರ್ಧ ಗಂಟೆ ಅಷ್ಟೇ ಅಂತ ಇಳಿದು ಬರುವವರು ಯಾರೋ ಹೇಳಿದ್ದಾರೆ, ಹಾಗಾಗಿ ವಾಪಸ್ ತಿರುಗೋಕೂ ಮನಸ್ಸಿಲ್ಲ.

ಇವರೇನು ಮಕ್ಕಳ ಬಗ್ಗೆ ಕಾಳಜಿ ಇಲ್ಲದವರಲ್ಲ. ಚೀಲ ತೆರೆದರೆ ಬೇಕಾದ್ದು, ಬೇಡದ್ದು ಎಲ್ಲ ಇರುತ್ತದೆ. ತಪ್ಪಿದ್ದು ಕೆಲಸ ಮಾಡಿದ ಕ್ರಮದಲ್ಲಿ. ಮೊದಲು ಬೆಟ್ಟ ಆರಿಸಿದರು, ಆಮೇಲೆ ಸಾಮಾನು ಕೊಂಡರು, ಕೊನೆಗೆ ಮಕ್ಕಳನ್ನು ಅದಕ್ಕೆ ಒಗ್ಗಿಸಲು ನೋಡಿದರು. ಇದನ್ನು ಪೂರ್ತಿ ತಿರುಗಿಸಬೇಕು. ಮೊದಲು ಮಗು, ಆಮೇಲೆ ದಾರಿ, ಆಮೇಲೆ ವಾಪಸ್ ತಿರುಗುವ ಹೊತ್ತು, ಕೊನೆಗೆ ಸಾಮಾನು. ಕೆಳಗಿನ ಹಂತಗಳನ್ನು ಇದೇ ಕ್ರಮದಲ್ಲಿ ಮಾಡಿ.

ಹಂತ 1: ಎಲ್ಲರಿಗಿಂತ ಚಿಕ್ಕ ಮಗು ಯಾವುದು?

ನಿಮ್ಮ ಗುಂಪಿನ ಶಕ್ತಿ ಅಂದರೆ ಅತಿ ಚಿಕ್ಕ ಮಗುವಿನ ಶಕ್ತಿ. ಸರಾಸರಿ ಹಿಡಿಯೋಕೆ ಹೋಗಬೇಡಿ.

6 ತಿಂಗಳೊಳಗಿನ ಕೂಸು: ಇದು ನಡೆಯುವುದಿಲ್ಲ, ಅಳುವುದು ಬಿಟ್ಟರೆ ಏನೂ ಹೇಳುವುದಿಲ್ಲ. ಎದೆಗೆ ಅಪ್ಪಿಸಿ ಕಟ್ಟುವ ಬಟ್ಟೆಯ ಕ್ಯಾರಿಯರ್ ಮಾತ್ರ ಸರಿ. ಸಮತಟ್ಟಾದ, ನೆರಳಿರುವ ದಾರಿಯಲ್ಲಿ ಒಂದೆರಡು ಗಂಟೆ ಸಾಕು. ಅವಧಿಗೆ ಮುಂಚೆ ಹುಟ್ಟಿದ ಮಗು, ಹೃದಯ ಅಥವಾ ಶ್ವಾಸಕೋಶದ ತೊಂದರೆ ಇರುವ ಮಗು ಆದರೆ ಮಕ್ಕಳ ವೈದ್ಯರನ್ನು ಕೇಳದೆ ಎತ್ತರಕ್ಕೆ ಕರೆದೊಯ್ಯಲೇಬೇಡಿ.

6 ತಿಂಗಳಿಂದ ಒಂದೂವರೆ ವರ್ಷ: ನಿಜ ಹೇಳಬೇಕೆಂದರೆ ಇದೇ ಸುಲಭದ ವಯಸ್ಸು. ಬೆನ್ನ ಮೇಲೆ ಕೂರಿಸಿಕೊಂಡರೆ ಸುತ್ತ ನೋಡುತ್ತದೆ, ನಿದ್ದೆ ಮಾಡುತ್ತದೆ.

ಒಂದೂವರೆಯಿಂದ 4 ವರ್ಷ: ಅತಿ ಕಷ್ಟದ ವಯಸ್ಸು. ನಡೆಯಲೇಬೇಕು ಎಂಬ ಹಟ ಇದೆ, ನಡೆಯುವ ಶಕ್ತಿ ಇಲ್ಲ. ಒಂದು ಕಿಲೋಮೀಟರಿಗೆ ಒಂದು ಗಂಟೆ ಬೇಕಾಗಬಹುದು, ಯಾಕಂದರೆ ದಾರಿಯ ಪ್ರತಿ ಕಲ್ಲನ್ನೂ ಎತ್ತಿ ನೋಡಬೇಕಲ್ಲ. ಹೆಚ್ಚಿನವರು ಸೋಲುವುದು ಈ ವಯಸ್ಸಿನವರ ಜೊತೆ ಹೋದಾಗಲೇ, ಅದಕ್ಕೇ ಮುಂದೆ ಇವರ ಬಗ್ಗೆ ಜಾಸ್ತಿ ಬರೆದಿದ್ದೇನೆ.

5ರಿಂದ 8: ನಡೆಯುತ್ತಾರೆ, ಆದರೆ ಬೇಜಾರಾದರೆ ಕಾಲು ನೋವು ಶುರು. ಬೇಜಾರು ಹೋದರೆ ನೋವೂ ಹೋಗುತ್ತದೆ.

9ರ ಮೇಲಿನವರು: ಇವರಿಗೆ ಶಕ್ತಿ ಇದೆ, ಅಪಾಯದ ಅಂದಾಜು ಇಲ್ಲ. ಮುಂದೆ ಓಡಿ ದಾರಿ ತಪ್ಪುವುದು, ಬಂಡೆಯ ಅಂಚಿಗೆ ಹೋಗುವುದು ಇವರೇ.

ಶೀತ, ಕಿವಿ ನೋವು, ಭೇದಿ, ಜ್ವರ ಇವುಗಳಲ್ಲಿ ಯಾವುದಿದ್ದರೂ ಆ ದಿನ ಬೇಡ. ಬೆಟ್ಟ ಎಲ್ಲೂ ಹೋಗುವುದಿಲ್ಲ.

ಹಂತ 2: ದಾರಿ ಆರಿಸಿ, ಗಂಟೆಯ ಲೆಕ್ಕದಲ್ಲಿ

ಬರೀ ಕಿಲೋಮೀಟರ್ ನೋಡಿ ದಾರಿ ಆರಿಸಬೇಡಿ. ಬೆಟ್ಟದಲ್ಲಿ ಏರು ಎಷ್ಟು ಅನ್ನುವುದೇ ಮುಖ್ಯ. 1892ರಲ್ಲಿ ಸ್ಕಾಟ್ಲೆಂಡಿನ ಪರ್ವತಾರೋಹಿ ವಿಲಿಯಂ ನೈಸ್ಮಿತ್ ಕೊಟ್ಟ ಹಳೆಯ ಸೂತ್ರ ಈಗಲೂ ಕೆಲಸಕ್ಕೆ ಬರುತ್ತದೆ: ಪ್ರತಿ 5 ಕಿಲೋಮೀಟರಿಗೆ ಒಂದು ಗಂಟೆ, ಪ್ರತಿ 600 ಮೀಟರ್ ಏರಿಗೆ ಇನ್ನೊಂದು ಗಂಟೆ. ಇದು ಗಟ್ಟಿಮುಟ್ಟಾದ ದೊಡ್ಡವರ ಲೆಕ್ಕ. ಮಗುವನ್ನು ಹೊತ್ತುಕೊಂಡಿದ್ದರೆ ಅಥವಾ 6-7 ವರ್ಷದವರಿದ್ದರೆ ನಾನು ಇದನ್ನು 2ರಿಂದ ಗುಣಿಸುತ್ತೇನೆ. ಮೂರು ವರ್ಷದ್ದು ಸ್ವಂತ ಕಾಲಲ್ಲಿ ನಡೆಯುತ್ತದೆ ಅಂದರೆ 3ರಿಂದ.

ಒಂದು ಉದಾಹರಣೆ. ಹೋಗಿ ಬರಲು ಒಟ್ಟು 6 ಕಿಲೋಮೀಟರ್, ಏರು 300 ಮೀಟರ್. ಸೂತ್ರದ ಪ್ರಕಾರ 1 ಗಂಟೆ 42 ನಿಮಿಷ. ಏಳರ ಮಗುವಿನ ಜೊತೆ ಸುಮಾರು ಮೂರೂವರೆ ಗಂಟೆ. ಮೂರರ ಮಗುವಿನ ಜೊತೆ 5 ಗಂಟೆಗೂ ಜಾಸ್ತಿ, ಅದರ ಮೇಲೆ ಊಟ, ನಿದ್ದೆ, ಡೈಪರ್ ಬದಲಾವಣೆ ಬೇರೆ. ಅಂದರೆ ಇದು ಮೂರರ ಮಗುವಿನ ದಾರಿಯೇ ಅಲ್ಲ. ಕಾಗದದ ಮೇಲೆ ಎರಡು ನಿಮಿಷದಲ್ಲಿ ಇದು ಗೊತ್ತಾಗುತ್ತದೆ, ಇಲ್ಲದಿದ್ದರೆ ಬೆಟ್ಟದ ಮಧ್ಯೆ ಗೊತ್ತಾಗುತ್ತದೆ.

ಸುತ್ತು ಹಾಕಿ ಬರುವ ದಾರಿಗಿಂತ ಹೋದ ದಾರಿಯಲ್ಲೇ ವಾಪಸ್ ಬರುವ ದಾರಿ ಒಳ್ಳೆಯದು. ಸುತ್ತಿನ ದಾರಿಯಲ್ಲಿ ಅರ್ಧ ದಾಟಿದ ಮೇಲೆ ಹಿಂದೆ ಹೋದರೂ ದೂರ, ಮುಂದೆ ಹೋದರೂ ದೂರ. ಹೋದ ದಾರಿಯೇ ಆದರೆ ಯಾವ ಕ್ಷಣದಲ್ಲಾದರೂ ತಿರುಗಬಹುದು.

ತುದಿಗಿಂತ ಮುಂಚೆ ಮಗುವಿಗೆ ಇಷ್ಟವಾಗುವ ಜಾಗ ಒಂದಾದರೂ ಇರಲಿ. ಸಣ್ಣ ತೊರೆ, ಹತ್ತಿ ಕೂರುವ ಚಪ್ಪಟೆ ಬಂಡೆ, ಏನಾದರೂ. ಚಿಕ್ಕ ಮಕ್ಕಳಿಗೆ ತುದಿ, ನೋಟ ಇವೆಲ್ಲ ಬೇಕಿಲ್ಲ. ಅವರಿಗೆ ನೀರು, ಕೋಲು, ಕಲ್ಲು ಇದ್ದರೆ ಸಾಕು.

ಒಂದು ಬದಿ ಪ್ರಪಾತ ಇರುವ ಕಿರಿದಾದ ದಾರಿ, ಸರಪಳಿ ಹಿಡಿದು ಹತ್ತುವ ಜಾಗ, ಮೊಣಕಾಲಿಗಿಂತ ಮೇಲೆ ನೀರು ಬರುವ ಹಳ್ಳ ಇದ್ದರೆ ಆ ದಾರಿಯನ್ನು ಪಟ್ಟಿಯಿಂದಲೇ ತೆಗೆದುಹಾಕಿ. ಎತ್ತರದ ವಿಷಯ: 2,500 ಮೀಟರ್ ದಾಟಿದ ಮೇಲೆ ತೆಳು ಗಾಳಿಯ ಕಾಯಿಲೆ ಬರುವ ಸಾಧ್ಯತೆ ಹೆಚ್ಚು. ಮಾತು ಬಾರದ ಮಗು ತಲೆನೋವು ಅಂತ ಹೇಳಲಾರದು. ಹಾಗಾಗಿ ಎಳೆಯರಿದ್ದರೆ ಅದರ ಕೆಳಗೇ ಇರಿ.

ಹಂತ 3: ವಾಪಸ್ ತಿರುಗುವ ಹೊತ್ತನ್ನು ಮನೆಯಲ್ಲೇ ಬರೆದಿಡಿ

ಈ ಇಡೀ ಬರಹದಲ್ಲಿ ಒಂದೇ ಹಂತ ನೆನಪಿಡುವುದಾದರೆ ಇದನ್ನು ಇಡಿ.

ಮೇಲೆ ಹೋದ ಮೇಲೆ ತಿರುಗುವ ನಿರ್ಧಾರ ಮಾಡೋಕೆ ಆಗುವುದಿಲ್ಲ. ಉತ್ಸಾಹ ಇರುತ್ತದೆ, ಇಷ್ಟು ಬಂದಾಗಿದೆ ಎಂಬ ಆಸೆ ಇರುತ್ತದೆ, ಜೊತೆಗಿರುವವರು ಮುಂದೆ ಹೋಗಿರುತ್ತಾರೆ. ನನ್ನ ಮಗಳಿಗೆ ನಾಲ್ಕು ವರ್ಷವಿದ್ದಾಗ ಹತ್ತು ನಿಮಿಷ, ಇನ್ನು ಹತ್ತು ನಿಮಿಷ ಅಂತ ಮೂರು ಸಲ ಮುಂದೆ ಹೋದೆವು. ಇಳಿಯುವಾಗ ಅವಳು ನಡೆಯಲಾರದೆ ಕೂತುಬಿಟ್ಟಳು. ಕತ್ತಲಲ್ಲಿ, ಒಂದೇ ಟಾರ್ಚಿನ ಬೆಳಕಲ್ಲಿ, ಅವಳನ್ನು ಹೊತ್ತು ಒದ್ದೆ ಬಂಡೆಗಳ ಮೇಲೆ ಇಳಿದ ಆ ಒಂದು ಗಂಟೆ ಇವತ್ತಿಗೂ ನೆನಪಿದೆ. ಅಂದಿನಿಂದ ನಮ್ಮ ಮನೆಯಲ್ಲಿ ತಿರುಗುವ ಹೊತ್ತು ಹೊರಡುವ ಹಿಂದಿನ ರಾತ್ರಿಯೇ ನಿಗದಿಯಾಗುತ್ತದೆ.

ಲೆಕ್ಕ ಹೀಗೆ. ಬೆಳಗ್ಗೆ 7ಕ್ಕೆ ಹೊರಟು 12ಕ್ಕೆ ಕೆಳಗಿರಬೇಕು ಅಂದರೆ ಕೈಯಲ್ಲಿ 5 ಗಂಟೆ ಇದೆ. ಹತ್ತುವುದಕ್ಕೆ ಅರ್ಧಕ್ಕಿಂತ ಸ್ವಲ್ಪ ಕಡಿಮೆ ಇಡಿ. ದೊಡ್ಡವರಿಗೆ ಇಳಿಯುವುದು ಬೇಗ, ಪುಟ್ಟ ಕಾಲುಗಳಿಗೆ ಹಾಗಲ್ಲ. ಅಂದರೆ 9:15ಕ್ಕೆ ಎಲ್ಲಿದ್ದೀರೋ ಅಲ್ಲಿಂದ ವಾಪಸ್. ತುದಿ ಕಣ್ಣಿಗೆ ಕಾಣ್ತಿದ್ದರೂ ವಾಪಸ್. ಫೋನಿನಲ್ಲಿ ಅಲಾರಂ ಇಡಿ.

ಬೇಗ ಹೊರಡಿ ಅನ್ನುವುದಕ್ಕೆ ಇನ್ನೊಂದು ಕಾರಣ ಗುಡುಗು. ಬಿಸಿಲಿಗೆ ಕಾದ ಗಾಳಿ ಮೇಲೇರುವುದರಿಂದ ಬೆಟ್ಟಗಳಲ್ಲಿ ಗುಡುಗು ಮಳೆ ಸಾಮಾನ್ಯವಾಗಿ ಮಧ್ಯಾಹ್ನದ ಮೇಲೆ ಶುರುವಾಗುತ್ತದೆ. ಮಿಂಚು ಕಂಡ ಮೇಲೆ ಗುಡುಗು ಕೇಳುವವರೆಗೆ ಸೆಕೆಂಡು ಎಣಿಸಿ, 3 ಸೆಕೆಂಡಿಗೆ ಸುಮಾರು 1 ಕಿಲೋಮೀಟರ್ ದೂರ. 30 ಎಣಿಸುವುದರೊಳಗೆ ಗುಡುಗು ಕೇಳಿದರೆ ತಡ ಮಾಡದೆ ಏಣು (ಬೆಟ್ಟದ ನೆತ್ತಿಯ ಸಾಲು), ಒಂಟಿ ಮರ, ಬಯಲು ಬಿಟ್ಟು ಇಳಿಯಬೇಕು. ಕೊನೆಯ ಗುಡುಗು ಕೇಳಿ 30 ನಿಮಿಷ ಆಗುವವರೆಗೆ ಮತ್ತೆ ಮೇಲೆ ಹೋಗುವಂತಿಲ್ಲ.

ಹವಾಮಾನ ನೋಡುವಾಗ ಕೆಳಗಿನ ಊರಿನ ತಾಪಮಾನ ನೋಡಿ ಸುಮ್ಮನಾಗಬೇಡಿ. ಪ್ರತಿ 1,000 ಮೀಟರಿಗೆ ಸುಮಾರು 6.5 ಡಿಗ್ರಿ ಸೆಲ್ಸಿಯಸ್ ಇಳಿಯುತ್ತದೆ. 800 ಮೀಟರ್ ಮೇಲೆ ಹೋದರೆ 5 ಡಿಗ್ರಿ ಕಡಿಮೆ, ಗಾಳಿ ಬೀಸಿದರೆ ಅದಕ್ಕಿಂತಲೂ ಚಳಿ. ಕೊನೆಯದಾಗಿ, ಎಲ್ಲಿಗೆ ಹೋಗುತ್ತೀರಿ, ಎಷ್ಟು ಹೊತ್ತಿಗೆ ಬರುತ್ತೀರಿ ಅನ್ನುವುದನ್ನು ಕೆಳಗಿರುವ ಒಬ್ಬರಿಗೆ ಹೇಳಿ ಹೊರಡಿ.

ಹಂತ 4: ಮಗುವನ್ನು ಹೊರುವ ಸಾಧನ

ಎದೆಗೆ ಕಟ್ಟುವ ಬಟ್ಟೆಯ ಕ್ಯಾರಿಯರಿನಲ್ಲಿ ಉಸಿರಾಟ ಮೊದಲ ವಿಷಯ. ಎಳೆಗೂಸಿನ ಗದ್ದ ಎದೆಗೆ ಒತ್ತಿಕೊಂಡರೆ ಸದ್ದಿಲ್ಲದೆ ಉಸಿರು ಕಟ್ಟಬಹುದು. ಗದ್ದ ಮತ್ತು ಎದೆಯ ನಡುವೆ ಎರಡು ಬೆರಳು ಹಿಡಿಸಬೇಕು. ಮುಖ ಸದಾ ನಿಮಗೆ ಕಾಣಬೇಕು, ಬಗ್ಗಿದರೆ ನೆತ್ತಿಗೆ ಮುತ್ತು ಕೊಡುವಷ್ಟು ಹತ್ತಿರ ಇರಬೇಕು. ಮೊಣಕಾಲು ಕುಂಡಿಗಿಂತ ಸ್ವಲ್ಪ ಮೇಲಿರಲಿ, ತೊಡೆಯ ಕೆಳಗೆ ಪೂರ್ತಿ ಆಧಾರ ಇರಲಿ. ಬಿಸಿಲು ಅಂತ ಕ್ಯಾರಿಯರ್ ಮೇಲೆ ದುಪಟ್ಟಾ ಮುಚ್ಚುವುದು ತುಂಬ ಜನ ಮಾಡುವ ತಪ್ಪು. ಒಳಗೆ ಗಾಳಿ ಆಡುವುದಿಲ್ಲ, ಮಗು ಬೇಯುತ್ತದೆ.

ಬೆನ್ನಿಗೆ ಹಾಕುವ ಲೋಹದ ಚೌಕಟ್ಟಿನ ಕ್ಯಾರಿಯರಿಗೆ ಮಗು ಆಧಾರವಿಲ್ಲದೆ ನೆಟ್ಟಗೆ ಕೂರುವಂತಿರಬೇಕು, ಕುತ್ತಿಗೆ ಗಟ್ಟಿಯಾಗಿರಬೇಕು. ಸಾಮಾನ್ಯವಾಗಿ 6 ತಿಂಗಳು ದಾಟಿ, ಸುಮಾರು 7 ಕಿಲೋ ತೂಕ ಬಂದ ಮೇಲೆ. ತೂಕದ ಲೆಕ್ಕ ಹಾಕಿ: ಮಗು 10 ಕಿಲೋ, ಕ್ಯಾರಿಯರ್ 3 ಕಿಲೋ, ನೀರು ಸಾಮಾನು 4 ಕಿಲೋ. ಒಟ್ಟು 17. ಚೀಟಿಯಲ್ಲಿ ಬರೆದ ಗರಿಷ್ಠ ತೂಕ ಬರೀ ಮಗುವಿನದ್ದು ಅಂದುಕೊಳ್ಳಬೇಡಿ, ಸಾಮಾನೂ ಅದರಲ್ಲೇ ಸೇರಿರುತ್ತದೆ.

ತೂಕವೆಲ್ಲ ಸೊಂಟದ ಪಟ್ಟಿಯ ಮೇಲೆ ಕೂರಬೇಕು. ಹೆಗಲು ಎಳೆಯುತ್ತಿದ್ದರೆ ಸೊಂಟದ ಪಟ್ಟಿ ಸಡಿಲ ಇದೆ ಎಂದರ್ಥ. ಕ್ಯಾರಿಯರನ್ನು ನೆಲದ ಮೇಲೆ ಮಾತ್ರ ಇಡಿ, ಬಂಡೆ ಅಥವಾ ಬೆಂಚಿನ ಮೇಲಲ್ಲ, ಇಟ್ಟಾಗಲೂ ಒಂದು ಕೈ ಅದರ ಮೇಲಿರಲಿ. ಮಗು ಸ್ವಲ್ಪ ಕುಲುಕಿದರೂ ಮಗುಚುತ್ತದೆ. ಏನಾದರೂ ಎತ್ತಿಕೊಳ್ಳುವಾಗ ಸೊಂಟ ಬಗ್ಗಿಸದೆ ಮಂಡಿ ಮಡಿಸಿ ಕೂರಿ. ಮಗುವಿನ ತಲೆ ನಿಮ್ಮ ತಲೆಗಿಂತ ಮೇಲಿರುತ್ತದೆ ಅನ್ನುವುದು ನೆನಪಿರಲಿ. ನಿಮಗೆ ತಾಗದ ಕೊಂಬೆ ಅದರ ಮುಖಕ್ಕೆ ತಾಗುತ್ತದೆ.

ಕಾಲುಗಳ ಬಗ್ಗೆ ಒಂದು ಮಾತು. ನೀವು ನಡೆದು ಬೆವರುತ್ತೀರಿ, ಮಗು ಅಲ್ಲಾಡದೆ ಕೂತಿರುತ್ತದೆ. ನಿಮಗೆ ಸೆಕೆ, ಅದಕ್ಕೆ ಚಳಿ. ನೇತಾಡುವ ಕಾಲಿಗೆ ಪಟ್ಟಿ ಒತ್ತಿ ರಕ್ತ ಸರಿಯಾಗಿ ಹರಿಯದಿದ್ದರೆ ಇನ್ನೂ ಬೇಗ ತಣ್ಣಗಾಗುತ್ತದೆ. ಪ್ರತಿ ಅರ್ಧ ಗಂಟೆಗೆ ನಿಂತು ಪಾದ, ಕೈ ಮುಟ್ಟಿ ನೋಡಿ. ಗಂಟೆಗೊಮ್ಮೆಯಾದರೂ ಹೊರಗೆ ತೆಗೆದು ಕೈಕಾಲು ಆಡಿಸಲು ಬಿಡಿ.

ಹಂತ 5: ಬಟ್ಟೆ ಮತ್ತು ಶೂ

ಹತ್ತಿ ಬಟ್ಟೆ ಒದ್ದೆಯಾದರೆ ಬೇಗ ಒಣಗುವುದಿಲ್ಲ, ಮೈಯ ಬಿಸಿಯನ್ನು ಎಳೆದುಕೊಳ್ಳುತ್ತದೆ. ತಂಪು ಜಾಗದಲ್ಲಿ ಮೈಗೆ ತಾಗುವ ಪದರ ಸಿಂಥೆಟಿಕ್ ಅಥವಾ ಉಲ್ಲನ್ ಇರಲಿ, ಅದರ ಮೇಲೆ ಬೆಚ್ಚನೆಯದು, ಎಲ್ಲಕ್ಕಿಂತ ಹೊರಗೆ ಗಾಳಿ ಮಳೆ ತಡೆಯುವ ಜಾಕೆಟ್. ಹೊತ್ತುಕೊಂಡ ಮಗುವಿಗೆ ನಿಮಗಿಂತ ಒಂದು ಪದರ ಜಾಸ್ತಿ. ಎದೆಗೆ ಅಪ್ಪಿಸಿಕೊಂಡಿದ್ದರೆ ಮಾತ್ರ ಆ ಪದರ ಬೇಡ, ನಿಮ್ಮ ಮೈಯ ಬಿಸಿಯೇ ಅದಕ್ಕೆ ಸಿಗುತ್ತದೆ.

ಬಿಸಿಲು ಎತ್ತರದಲ್ಲಿ ಚುರುಕು. ಪ್ರತಿ 1,000 ಮೀಟರಿಗೆ ನೇರಳಾತೀತ ಕಿರಣ ಸುಮಾರು ಶೇ 10ರಷ್ಟು ಹೆಚ್ಚುತ್ತದೆ, ಮೋಡ ಇದ್ದರೂ ಚರ್ಮ ಸುಡುತ್ತದೆ. 6 ತಿಂಗಳೊಳಗಿನ ಕೂಸಿಗೆ ಸನ್‌ಸ್ಕ್ರೀನ್ ಬದಲು ಅಗಲ ಅಂಚಿನ ಟೋಪಿ, ಉದ್ದ ತೋಳಿನ ತೆಳು ಬಟ್ಟೆ, ನೆರಳು.

ಶೂ ಹೊಸದು ಬೇಡ. ಮುಂದೆ ಒಂದು ಹೆಬ್ಬೆರಳಿನ ಅಗಲದಷ್ಟು ಜಾಗ ಇರಬೇಕು, ಇಲ್ಲದಿದ್ದರೆ ಇಳಿಯುವಾಗ ಬೆರಳು ಮುಂದಕ್ಕೆ ಬಡಿಯುತ್ತದೆ. ಹಿಂದಿನ ರಾತ್ರಿ ಕಾಲುಗುರು ಕತ್ತರಿಸಿ.

ಹಂತ 6: ಚೀಲದಲ್ಲಿ ಏನಿರಬೇಕು

ನೀರು, ಲೆಕ್ಕಕ್ಕಿಂತ ಒಂದು ಬಾಟಲಿ ಜಾಸ್ತಿ. ಪ್ರತಿ ಮಗುವಿಗೆ ಒಂದು ಜೊತೆ ಒಣ ಬಟ್ಟೆ ಮತ್ತು ಕಾಲುಚೀಲ, ನೀರು ಹೋಗದ ಚೀಲದಲ್ಲಿ. ಇಬ್ಬರು ದೊಡ್ಡವರ ಹತ್ತಿರವೂ ಒಂದೊಂದು ಟಾರ್ಚ್, ಮಧ್ಯಾಹ್ನಕ್ಕೇ ಬರುತ್ತೇವೆ ಅಂದುಕೊಂಡಿದ್ದರೂ ಸರಿ. ಬ್ಯಾಂಡೇಜು, ಮಗುವಿನ ತೂಕಕ್ಕೆ ತಕ್ಕ ಜ್ವರದ ಔಷಧಿ, ಚಿಮಟ. ಇಂಟರ್ನೆಟ್ ಇಲ್ಲದಾಗಲೂ ತೆರೆಯುವ ಮ್ಯಾಪ್ ಫೋನಿನಲ್ಲಿ, ಜೊತೆಗೆ ಪವರ್ ಬ್ಯಾಂಕ್. ಕೊಳೆಯಾದ ಡೈಪರ್ ತರಲು ಬಾಯಿ ಬಿಗಿಯುವ ಎರಡು ಚೀಲ. ಡೈಪರನ್ನು ಹೂಳಬೇಡಿ, ಸುಡಬೇಡಿ, ಹೊತ್ತು ತನ್ನಿ.

6 ತಿಂಗಳೊಳಗಿನ ಕೂಸಿಗೆ ಸೆಕೆ ಇದ್ದರೂ ನೀರು ಕೊಡುವುದಿಲ್ಲ. ಹಾಲನ್ನೇ ಪದೇ ಪದೇ ಕೊಡಬೇಕು. ಹಾಲೂಡಿಸುವ ಅಮ್ಮನೇ ಜಾಸ್ತಿ ನೀರು ಕುಡಿಯಬೇಕು, ಇದನ್ನು ಗಂಡಸರು ನೆನಪಿಟ್ಟು ಬಾಟಲಿ ಮುಂದೆ ಹಿಡಿಯಿರಿ.

ದೊಡ್ಡ ಮಕ್ಕಳ ಬೆನ್ನಿಗೂ ಒಂದು ಪುಟ್ಟ ಚೀಲ ಕೊಡಿ. ಅವರ ತೂಕದ ಹತ್ತನೇ ಒಂದು ಪಾಲಿಗಿಂತ ಜಾಸ್ತಿ ಬೇಡ. ಅದರಲ್ಲಿ ಅವರ ನೀರು, ಜಾಕೆಟ್, ತಿಂಡಿ. ಕುತ್ತಿಗೆಗೆ ಒಂದು ಸೀಟಿ.

ಹಂತ 7: ನಡೆಯುವಾಗ

ನಿಧಾನ ನಡೆಯುವ ಮಗು ಮುಂದೆ. ಹಿಂದೆ ಬಿದ್ದ ಮಗು ಓಡಿ ಓಡಿ ಸುಸ್ತಾಗುತ್ತದೆ, ಮುಂದಿರುವವರು ಕಾದು ವಿಶ್ರಾಂತಿ ಪಡೆದು ಅದು ಬರುತ್ತಿದ್ದಂತೆ ಮತ್ತೆ ಹೊರಡುತ್ತಾರೆ. ಇದು ಮಗುವಿಗೆ ಮಾಡುವ ಅನ್ಯಾಯ, ಅಲ್ವಾ? ಒಬ್ಬ ದೊಡ್ಡವರು ಮುಂದೆ, ಒಬ್ಬರು ಕೊನೆಗೆ. ಇಳಿಜಾರಿನ ಪಕ್ಕದ ದಾರಿಯಲ್ಲಿ ಮಗು ಬೆಟ್ಟದ ಬದಿಗೆ, ನೀವು ಕಣಿವೆಯ ಬದಿಗೆ.

ಎರಡರಿಂದ ನಾಲ್ಕರ ಮಕ್ಕಳ ಜೊತೆ ನಾನು ಕಂಡುಕೊಂಡ ದಾರಿ: ಮಗುವಿಗೆ ಇನ್ನೂ ಶಕ್ತಿ ಇರುವಾಗಲೇ ಹೊತ್ತುಕೊಳ್ಳಿ, ಅದು ಕೇಳುವ ಮುಂಚೆಯೇ. ಹೆಚ್ಚಿನವರು ಮಗು ಪೂರ್ತಿ ಸುಸ್ತಾಗಿ ಅತ್ತ ಮೇಲೆ ಎತ್ತಿಕೊಳ್ಳುತ್ತಾರೆ. ಆಮೇಲೆ ಅದು ಇಳಿಯುವುದೇ ಇಲ್ಲ. ಬದಲಿಗೆ 20 ನಿಮಿಷ ನಡಿಗೆ, 20 ನಿಮಿಷ ಕ್ಯಾರಿಯರ್ ಅಂತ ಶುರುವಿನಿಂದಲೇ ನಡೆದರೆ ಶಕ್ತಿ ಉಳಿಯುತ್ತದೆ. ಕಡಿದಾದ ಭಾಗ ಬಂದಾಗ ಕ್ಯಾರಿಯರಿನಲ್ಲಿ, ಚಪ್ಪಟೆ ಭಾಗದಲ್ಲಿ ಕೆಳಗೆ. ಮಧ್ಯಾಹ್ನದ ನಿದ್ದೆಯ ಹೊತ್ತಿಗೆ ಅದು ಬೆನ್ನ ಮೇಲಿರುವಂತೆ ನೋಡಿಕೊಳ್ಳಿ.

ತಿಂಡಿ 30ರಿಂದ 45 ನಿಮಿಷಕ್ಕೊಮ್ಮೆ, ಸ್ವಲ್ಪ ಸ್ವಲ್ಪ. ಹಸಿವಾಯ್ತು ಅಂತ ಮಗು ಹೇಳುವ ಹೊತ್ತಿಗೆ ತಡವಾಗಿರುತ್ತದೆ. ಕೂತು ತಿನ್ನಲಿ, ನಡೆಯುತ್ತಾ ಬೇಡ. 5 ವರ್ಷದೊಳಗಿನವರಿಗೆ ಇಡೀ ಕಡಲೆಬೀಜ, ಬಾದಾಮಿ, ಇಡೀ ದ್ರಾಕ್ಷಿ ಕೊಡಬೇಡಿ. ಗಂಟಲಿಗೆ ಸಿಕ್ಕಿದರೆ ಬೆಟ್ಟದ ಮೇಲೆ ಸಹಾಯ ದೂರ.

ದೊಡ್ಡ ಮಕ್ಕಳಿಗೆ ಮೂರು ನಿಯಮ ಹೊರಡುವ ಮುಂಚೆಯೇ ಬಾಯಿಪಾಠ ಮಾಡಿಸಿ. ದಾರಿ ಕವಲಾದ ಕಡೆ ನಿಂತು ಎಲ್ಲರೂ ಬರುವವರೆಗೆ ಕಾಯಬೇಕು. ಅಂಚಿಗೆ ದೊಡ್ಡವರಿಲ್ಲದೆ ಹೋಗಬಾರದು. ದಾರಿ ತಪ್ಪಿದೆ ಅನ್ನಿಸಿದ ಕೂಡಲೇ ಇದ್ದಲ್ಲೇ ನಿಂತು ಸೀಟಿ ಊದಬೇಕು. ಯುರೋಪಿನ ಬೆಟ್ಟಗಳಲ್ಲಿ ಆಪತ್ತಿಗೆ ನಿಮಿಷಕ್ಕೆ 6 ಸಲ ಊದುವ ರೂಢಿ, ಉತ್ತರ ಅಮೆರಿಕದಲ್ಲಿ 3 ಸಲ. ಮಗುವಿಗೆ ಎಣಿಕೆ ಮರೆತರೂ ಚಿಂತೆಯಿಲ್ಲ, ಅಲ್ಲೇ ಇರುವುದು ಮತ್ತು ಊದುತ್ತಲೇ ಇರುವುದು ಮುಖ್ಯ. ಹುಡುಕಲು ಬಂದವರು ಬೈಯುವುದಿಲ್ಲ ಅಂತಲೂ ಹೇಳಿರಿ. ಹೆದರಿ ಅಡಗಿ ಕೂರುವ ಮಕ್ಕಳೂ ಇದ್ದಾರೆ.

ಹಂತ 8: ಈ ಲಕ್ಷಣ ಕಂಡರೆ ಹೊತ್ತು ನೋಡಬೇಡಿ, ಇಳಿಯಿರಿ

ಚಳಿ: ಕತ್ತಿನ ಹಿಂಭಾಗ ಅಥವಾ ಎದೆ ಮುಟ್ಟಿ ನೋಡಿ. ಕೈ ತಣ್ಣಗಿದ್ದರೆ ಅದೊಂದೇ ಭಯದ ಗುರುತಲ್ಲ, ಎದೆಯೂ ತಣ್ಣಗಿದ್ದರೆ ತೊಂದರೆ. ಗಲಾಟೆ ಮಾಡುತ್ತಿದ್ದ ಮಗು ಇದ್ದಕ್ಕಿದ್ದಂತೆ ಸುಮ್ನೆ ಆಗುವುದು, ತೂಕಡಿಸುವುದು, ಹಾಲು ಕುಡಿಯದಿರುವುದು, ದೊಡ್ಡ ಮಗು ಎಡವುತ್ತಾ ತೊದಲುವುದು ಮೈಯ ಬಿಸಿ ಇಳಿಯುತ್ತಿರುವ ಗುರುತು. ಅಬ್ಬಾ ಮಲಗಿತು ಅಂತ ನೆಮ್ಮದಿ ಪಡುವುದೇ ಇಲ್ಲಿ ಆಗುವ ದೊಡ್ಡ ತಪ್ಪು. ಒದ್ದೆ ಬಟ್ಟೆ ತೆಗೆದು, ಒಣಗಿದ್ದು ಹಾಕಿ, ತಲೆ ಮುಚ್ಚಿ, ನಿಮ್ಮ ಮೈಗೆ ಮೈ ತಾಗಿಸಿ ಅಪ್ಪಿಕೊಳ್ಳಿ.

ಸೆಕೆ ಮತ್ತು ನೀರಿನ ಕೊರತೆ: 6 ಗಂಟೆಯಿಂದ ಡೈಪರ್ ಒಣಗಿದೆ, ಅತ್ತರೆ ಕಣ್ಣೀರಿಲ್ಲ, ಬಾಯಿ ಒಣಗಿದೆ, ಕೂಸಿನ ನೆತ್ತಿ ಒಳಗೆ ಕುಸಿದಿದೆ. ಇವುಗಳಲ್ಲಿ ಒಂದು ಕಂಡರೂ ನೆರಳಿಗೆ ತನ್ನಿ, ಹಾಲು ಅಥವಾ ವಯಸ್ಸಿಗೆ ತಕ್ಕಂತೆ ನೀರು ಕೊಡಿ, ಇಳಿದು ವೈದ್ಯರಿಗೆ ತೋರಿಸಿ.

ಎತ್ತರ: ಮಾತಾಡುವ ಮಗು ತಲೆನೋವು, ವಾಕರಿಕೆ ಅನ್ನುತ್ತದೆ. ಮಾತು ಬಾರದ್ದು ಕಾರಣವಿಲ್ಲದೆ ರಚ್ಚೆ ಹಿಡಿಯುತ್ತದೆ, ತಿನ್ನುವುದಿಲ್ಲ, ವಾಂತಿ ಮಾಡುತ್ತದೆ, ಆಟ ಬಿಡುತ್ತದೆ. 2,500 ಮೀಟರ್ ಮೇಲೆ ಇದು ಕಂಡರೆ ಎತ್ತರದ್ದೇ ಅಂತ ತಿಳಿದು ಲಕ್ಷಣ ಹೋಗುವವರೆಗೆ ಇಳಿಯಿರಿ. ಔಷಧಿ ಕೊಟ್ಟು ಮುಂದೆ ಹೋಗುವುದು ಬೇಡವೇ ಬೇಡ.

ಇನ್ನೊಂದು ಲಕ್ಷಣ ದೊಡ್ಡವರದ್ದು. ನೀವು ಮಗುವನ್ನು ಹೊತ್ತುಕೊಂಡು ಒಮ್ಮೆ ಜಾರಿದರೆ ಅದು ಎಚ್ಚರಿಕೆ. ಎರಡನೇ ಸಲ ಜಾರುವವರೆಗೆ ಕಾಯಬೇಡಿ, ಹೊರೆ ಇನ್ನೊಬ್ಬರಿಗೆ ಕೊಟ್ಟು ತಿರುಗಿ.

ಹಂತ 9: ಇಳಿಯುವುದು

ಹತ್ತುವಾಗ ಎಲ್ಲರ ಗಮನ ಇರುತ್ತದೆ. ಇಳಿಯುವಾಗ ಮನೆಯ ಯೋಚನೆ, ಸುಸ್ತು, ನಡುಗುವ ಮಂಡಿ. ಅದಕ್ಕೇ ಇಳಿಯುವ ಮುಂಚೆ 15 ನಿಮಿಷ ಕೂತು ತಿಂದು, ಶೂ ಲೇಸು ಮತ್ತೆ ಬಿಗಿ ಮಾಡಿ.

ಕಡಿದಾದ ಕಡೆ ನೀವು ಮಗುವಿಗಿಂತ ಒಂದು ಹೆಜ್ಜೆ ಕೆಳಗಿರಿ. ಕೈ ಹಿಡಿದು ಎಳೆಯಬೇಡಿ, ಮಗುವಿನ ಸಮತೋಲನ ತಪ್ಪುತ್ತದೆ. ಕುಂಡಿ ಊರಿ ಜಾರುತ್ತಾ ಇಳಿಯುತ್ತೇನೆ ಅಂದರೆ ಬಿಡಿ, ಪ್ಯಾಂಟು ಹರಿದರೆ ಹರಿಯಲಿ. ಓಡುವುದು ಮಾತ್ರ ಯಾರಿಗೂ ಇಲ್ಲ. ಕ್ಯಾರಿಯರ್ ಹೊತ್ತವರಿಗೆ ಊರುಗೋಲು ಇದ್ದರೆ ಮಂಡಿಗೂ ಹಿತ, ಸಮತೋಲನಕ್ಕೂ ಹಿತ. ವಾಹನದಲ್ಲಿ ಘಾಟಿ ಇಳಿಯುವಾಗ ಕೂಸಿಗೆ ಹಾಲು ಕುಡಿಸುತ್ತಾ, ಅಥವಾ ದೊಡ್ಡವರಿಗೆ ಏನಾದರೂ ನುಂಗಲು ಕೊಡುತ್ತಾ ಬಂದರೆ ಕಿವಿ ಕಟ್ಟುವುದಿಲ್ಲ. ಇಳಿಜಾರಿನಲ್ಲಿ ಗಾಡಿ ಓಡುತ್ತಿರುವಾಗ ಕೂಸನ್ನು ಸೀಟಿನಿಂದ ತೆಗೆಯಬೇಡಿ, ನಡುನಡುವೆ ನಿಲ್ಲಿಸಿ ಕುಡಿಸಿ.

ಹಂತ 10: ಮನೆಗೆ ಬಂದ ಮೇಲೆ

ಸ್ನಾನ ಮಾಡಿಸುವಾಗ ಕಿವಿಯ ಹಿಂದೆ, ಕೂದಲ ಬುಡ, ಹೊಕ್ಕುಳು, ಕಂಕುಳು, ಮೊಣಕಾಲಿನ ಹಿಂಭಾಗ ನೋಡಿ. ಉಣುಗು ಕಚ್ಚಿ ಹಿಡಿದಿದ್ದರೆ ಚಿಮಟದಿಂದ ಚರ್ಮಕ್ಕೆ ತೀರ ಹತ್ತಿರ ಹಿಡಿದು ನೇರ ಮೇಲಕ್ಕೆ ಎಳೆಯಿರಿ. ಎಣ್ಣೆ, ಬೆಂಕಿಕಡ್ಡಿ ಬೇಡ. ಮುಂದಿನ ವಾರಗಳಲ್ಲಿ ಜ್ವರ ಅಥವಾ ಗಂಧೆ ಕಂಡರೆ ಉಣುಗು ಕಚ್ಚಿದ್ದನ್ನು ವೈದ್ಯರಿಗೆ ಹೇಳಿ.

ಅದೇ ದಿನ ರಾತ್ರಿ ಎರಡು ಸಾಲು ಬರೆದಿಡಿ: ಎಷ್ಟು ಗಂಟೆಗೆ ಹೊರಟೆವು, ಮೊದಲ ಅಳು ಅಥವಾ ಮೊದಲ ಕಾಲು ನೋವು ಎಷ್ಟು ಹೊತ್ತಿಗೆ ಬಂತು. ಮುಂದಿನ ಸಲ ವಾಪಸ್ ತಿರುಗುವ ಹೊತ್ತು ಅದಕ್ಕಿಂತ 20 ನಿಮಿಷ ಮುಂಚೆ ಇರಲಿ.